ಹಿಮದ ನಾಡಿನ ನಾಯಿಗಳೂ ನಮ್ಮ ಮನೆಯ ಮೋತಿಯೂ

ಮಾನ್ಯ ವಾಚಕರಲ್ಲಿ ಮೊದಲೇ ಒಂದು ಅರಿಕೆ. ನಾವು 1975ರಲ್ಲಿ ಮ್ಯಾಟ್ರಿಕ್ ಪಾಸಾಗಿ, ಮರುವಾರವೇ ತಂದೆಯವರ ಅಂಗಡಿಯ ಗಾದಿಯ ಮೇಲೆ ಕುಳಿತವರು. ಅಂದಿನಿಂದ ಇಂದಿನವರೆಗೆ ನಾವು ಬರೆದದ್ದೆಂದರೆ ಕೀರ್ದಿ, ಖಾತೆ ಮತ್ತು ಬಾಕಿದಾರರಿಗೆ ಕಾಗದ, ಇಷ್ಟೇ. ಹೀಗಿರುವಾಗ ಹಿಮದ ಮೇಲೆ ನಾಯಿಗಳು ಗಾಡಿ ಎಳೆಯುವ ಪಂದ್ಯದ ಬಗ್ಗೆ ಬರೆಯಲು ಅಕ್ಕಲಕೋಟದ ಕಿರಾಣಿ ವ್ಯಾಪಾರಿಗೆ ಏನು ಅಧಿಕಾರ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಕಳೆದ ಬೇಸಿಗೆಯಿಂದ ಈ ವಿಷಯ ನಮ್ಮ ತಲೆಯೊಳಗೆ ಹೊಕ್ಕು ಹೊರಗೆ ಹೋಗದೆ ಕುಳಿತಿದೆ. ಬರೆದು ಇಳಿಸಿಬಿಡೋಣವೆಂದು ಲೇಖನಿ ಹಿಡಿದಿದ್ದೇವೆ.

ನಮ್ಮ ಹಿರಿಯ ಮಗನ ಮಗ, ಹದಿನಾಲ್ಕು ವರ್ಷದವನು, ಒಂಬತ್ತನೆಯ ಇಯತ್ತೆಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ. ಅವನನ್ನು ಜೂನ್‌ನಿಂದ ಲಾತೂರಿನ ವಸತಿಗೃಹದಲ್ಲಿಟ್ಟು ಕ್ಲಾಸಿಗೆ ಹಾಕಬೇಕೆಂದು ಅವನ ತಂದೆ ನಿಶ್ಚಯ ಮಾಡಿ ಫಾರ್ಮು ತಂದಿಟ್ಟಿದ್ದ. ಹುಡುಗ ಮಾತ್ರ ದಿನವಿಡೀ ಅಂಗಡಿಯ ಕಟ್ಟೆಯ ಮೇಲಿನ ಬೀದಿ ನಾಯಿಗಳ ಸಂಗಡ ಕಾಲ ಕಳೆಯುವವನು. ಒಂದು ಸಂಜೆ ಊಟ ಮುಗಿಸಿ, ಅಂದರೆ ಸೂರ್ಯಾಸ್ತಕ್ಕೆ ಮುಂಚೆಯೇ, ನಾವು ಅಂಗಳದಲ್ಲಿ ಮಂಚ ಹಾಕಿಕೊಂಡು ಕುಳಿತಿದ್ದಾಗ ಫೋನು ಹಿಡಿದುಕೊಂಡು ಬಂದು, "ಅಜ್ಜಾ, ಇದನ್ನ ನೋಡ್ರಿ, ಖರೇ ನಡದದ್ದು" ಎಂದ. ಅದು 2019ರಲ್ಲಿ ಬಂದ 'ಟೋಗೋ' ಎಂಬ ಚಿತ್ರ. ಇಂಗ್ಲಿಷು ನಮಗೆ ಅಷ್ಟಕ್ಕಷ್ಟೇ. ಹುಡುಗ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದ. ಎರಡು ಸಂಜೆ ಹಿಡಿಯಿತು.

ಕಥೆ ಅಲಾಸ್ಕಾದ್ದು. ಲಿಯೋನ್‌ಹಾರ್ಡ್ ಸೆಪ್ಪಾಲ ಎಂಬಾತ ನಾರ್ವೆ ದೇಶದಿಂದ 1900ರಲ್ಲಿ ಬಂಗಾರದ ಆಸೆಗೆ ಅಲ್ಲಿಗೆ ಬಂದವರು. ಬಂಗಾರಕ್ಕಿಂತ ಹೆಚ್ಚಾಗಿ ನಾಯಿಗಳನ್ನು ಪಳಗಿಸುವುದರಲ್ಲಿ ಹೆಸರಾದರು. ಅವರ ಮನೆಯಲ್ಲಿ 1913ರಲ್ಲಿ ಒಂದು ಮರಿ ಹುಟ್ಟಿತು. ಸಣ್ಣ ಗಾತ್ರ, ಗಂಟಲು ಬಾತು ಕಾಯಿಲೆ, ಸೆಪ್ಪಾಲರ ಹೆಂಡತಿ ಆರೈಕೆ ಮಾಡಿ ಉಳಿಸಿಕೊಂಡರು. ಉಳಿದದ್ದೇ ತಡ, ಹೇಳಲಾಗದ ಉಪದ್ವ್ಯಾಪ. ಗಾಡಿಗೆ ಕಟ್ಟಿದ ದೊಡ್ಡ ನಾಯಿಗಳ ಕಿವಿ ಕಚ್ಚುವುದು, ದಾರಿಗೆ ಅಡ್ಡ ಬರುವುದು. ಇದರಿಂದ ಏನೂ ಪ್ರಯೋಜನವಿಲ್ಲವೆಂದು ಆರು ತಿಂಗಳ ಮರಿಯನ್ನು ಯಾರದೋ ಮನೆಗೆ ಸಾಕಲು ಕೊಟ್ಟುಬಿಟ್ಟರು. ಅಲ್ಲಿ ಬೆಚ್ಚಗಿನ ಮನೆ, ಒಳ್ಳೆಯ ಆಹಾರ, ಮುದ್ದು. ಆದರೂ ಮರಿ ಕಿಟಕಿಯ ಗಾಜು ಒಡೆದುಕೊಂಡು ಹೊರಬಿದ್ದು, ಮೈಲುಗಟ್ಟಲೆ ಓಡಿ, ತಿರುಗಿ ಸೆಪ್ಪಾಲರ ಅಂಗಳಕ್ಕೇ ಬಂತು.

ಇಲ್ಲಿ ನಮ್ಮ ಮೊಮ್ಮಗ ಚಿತ್ರ ನಿಲ್ಲಿಸಿ ನಮ್ಮ ಮುಖ ನೋಡಿದ. ನಾವು ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂಬುದನ್ನು ಮುಂದೆ ಬರೆಯುತ್ತೇವೆ.

ಬಂದ ಮೇಲೂ ಅದರ ಹುಡುಗಾಟಿಕೆ ಹೋಗಲಿಲ್ಲ. ಎಂಟು ತಿಂಗಳಾದಾಗ ಒಂದು ದಿನ ಸೆಪ್ಪಾಲರು ಪ್ರಯಾಣ ಹೊರಟರೆ ಇದು ಕಟ್ಟು ತಪ್ಪಿಸಿಕೊಂಡು ಬೆನ್ನು ಹತ್ತಿತು. ಬೇರೆ ದಾರಿ ಕಾಣದೆ ಅವರು ಅದಕ್ಕೂ ಪಟ್ಟಿ ತೊಡಿಸಿ ಗಾಡಿಯ ಹತ್ತಿರದ ಜಾಗದಲ್ಲಿ ಹೂಡಿದರು. ಪಟ್ಟಿ ಬಿದ್ದ ಕ್ಷಣವೇ ಮರಿ ಶಾಂತವಾಗಿ, ಹುಟ್ಟಿದಂದಿನಿಂದ ಇದೇ ಕೆಲಸ ಮಾಡಿದಂತೆ ಎಳೆಯತೊಡಗಿತು. ಸೆಪ್ಪಾಲರು ಅದನ್ನು ಒಂದೊಂದೇ ಸಾಲು ಮುಂದಕ್ಕೆ ತಂದರು. ದಿನ ಮುಗಿಯುವ ಹೊತ್ತಿಗೆ ಅದು ಮುಂದಾಳು ನಾಯಿಯ ಪಕ್ಕದಲ್ಲಿತ್ತು. ಮೊದಲ ದಿನವೇ 75 ಮೈಲು, ಅಂದರೆ 120 ಕಿಲೋಮೀಟರು! ನಮ್ಮ ಊರಿನಿಂದ ಸೊಲ್ಲಾಪುರಕ್ಕೆ ಹೋಗಿ, ಬಂದು, ಮತ್ತೆ ಹೋದಷ್ಟು. ಕೈಗೆ ಬಾರದೆಂದು ಬಿಟ್ಟುಕೊಟ್ಟ ಮರಿ.

ಮುಂದಿನದು ಹೆಚ್ಚು ಜನರಿಗೆ ಗೊತ್ತಿರುವ ಭಾಗ. 1925ರ ಜನವರಿಯಲ್ಲಿ ನೋಮ್ ಎಂಬ ಸಮುದ್ರದಂಡೆಯ ಊರಿನಲ್ಲಿ ಮಕ್ಕಳಿಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ ಬಂತು. ಊರಿಗಿದ್ದವರು ಒಬ್ಬರೇ ಡಾಕ್ಟರು, ಕರ್ಟಿಸ್ ವೆಲ್ಚ್. ಅವರ ಬಳಿ ಇದ್ದ ಔಷಧ ಅವಧಿ ಮೀರಿದ್ದು. ಸಮುದ್ರ ಹೆಪ್ಪುಗಟ್ಟಿ ಹಡಗು ಬರುವಂತಿಲ್ಲ, ಆಗಿನ ವಿಮಾನಗಳು ಆ ಚಳಿಯಲ್ಲಿ ಹಾರುವಂತಿಲ್ಲ. ಔಷಧ ರೈಲಿನಲ್ಲಿ ನೆನಾನಾ ಎಂಬಲ್ಲಿಗೆ ಬಂದು, ಅಲ್ಲಿಂದ 674 ಮೈಲು ನಾಯಿಗಾಡಿಗಳ ಮೇಲೆ, ಕೈಯಿಂದ ಕೈಗೆ ಹೋಯಿತು. 20 ಜನ ಚಾಲಕರು, ಸುಮಾರು 150 ನಾಯಿಗಳು, ಐದೂವರೆ ದಿನ. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿ. ಹೆಚ್ಚಿನವರ ಪಾಲಿಗೆ ಬಂದದ್ದು 30 ಮೈಲು ಆಸುಪಾಸು. ಸೆಪ್ಪಾಲರು ಮಾತ್ರ ಔಷಧ ಹೊತ್ತು ಓಡಿದ್ದು 91 ಮೈಲು, ಅದೂ ಬಿರಿಯುತ್ತಿದ್ದ ಸಮುದ್ರದ ಹಿಮದ ಮೇಲೆ. ಅವರ ಒಬ್ಬಳೇ ಮಗಳು ಅದೇ ನೋಮ್‌ನಲ್ಲಿದ್ದಳು. ಗಾಡಿಯ ಮುಂದೆ ಇದ್ದದ್ದು ಟೋಗೋ, ಹನ್ನೆರಡು ವರ್ಷದ ಮುದುಕ ನಾಯಿ.

ಕೊನೆಯ ಹಂತವನ್ನು ಓಡಿಸಿದವರು ಗುನ್ನಾರ್ ಕಾಸೆನ್. ಅವರ ಮುಂದಾಳು ನಾಯಿ ಬಾಲ್ಟೋ. ಫೆಬ್ರವರಿ 2ರ ಬೆಳಗಿನ ಜಾವ ಊರು ಮುಟ್ಟಿದ್ದು ಅದಾದ್ದರಿಂದ ಹೆಸರೆಲ್ಲ ಅದಕ್ಕೇ ಹೋಯಿತು. ಅದೇ ವರ್ಷ ಡಿಸೆಂಬರದಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅದರ ಪ್ರತಿಮೆ ನಿಂತಿತು. ಮಾಲು ಖರೀದಿ ಮಾಡಿದವನಿಗಿಂತ ಬಾಗಿಲಿಗೆ ತಂದು ಇಳಿಸಿದವನಿಗೇ ಗಿರಾಕಿ ಕೈ ಮುಗಿಯುತ್ತಾನೆ, ಇದು ವ್ಯಾಪಾರದಲ್ಲೂ ನಾವು ಕಂಡದ್ದೇ. ಬಾಲ್ಟೋವನ್ನೂ ಹೀಗಳೆಯುವುದು ಬೇಡ. ಅದೂ ಸೆಪ್ಪಾಲರದೇ ನಾಯಿ, ಎರಡನೆಯ ದರ್ಜೆಯದೆಂದು ಮನೆಯಲ್ಲಿ ಬಿಟ್ಟುಹೋದದ್ದು. ಪಾರಖಿ ಎಂದು ಹೆಸರಾದವನೂ ಎರಡೆರಡು ಸಲ ತಪ್ಪು ತೂಗಿದನಲ್ಲ ಎಂದು ನಮಗೆ ಅನ್ನಿಸಿತು.

ಚಿತ್ರ ಮುಗಿದ ಮೇಲೆ ನಮ್ಮ ಮನೆಯವರು ಮಾಳಿಗೆಯ ಬಾಗಿಲಲ್ಲಿ ನಿಂತೇ ಕೇಳಿದರು, "ಎಲ್ಲಾ ಖರೇ. ಆದ್ರ ಅದನ್ನೀಗ ಪಂದ್ಯಾ ಮಾಡ್ಯಾರಂತಲ್ಲ? ರೊಕ್ಕಕ್ಕ ನಾಯಿ ಓಡಸೂದು ಪಾಪ ಅಲ್ಲೇನು?" ಶ್ರಾವಕರ ಮನೆಯಲ್ಲಿ ಬರಬೇಕಾದ ಪ್ರಶ್ನೆಯೇ ಬಂತು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಶುವಿನ ಮೇಲೆ ಅದರ ಶಕ್ತಿ ಮೀರಿ ಹೊರೆ ಹೊರಿಸುವುದು ನಾಲ್ಕನೆಯದು. ಇದನ್ನು ಬದಿಗಿಟ್ಟು ನಾಯಿಗಳ ಶೌರ್ಯವನ್ನು ಹೊಗಳಲು ನಮಗೆ ಮನಸ್ಸಾಗಲಿಲ್ಲ. ಹಾಗೆಂದು ತಿಳಿಯದೆ ತೀರ್ಪು ಕೊಡುವುದೂ ಸರಿಯಲ್ಲ. ಪುಣೆಯಲ್ಲಿರುವ ಕಿರಿಯ ಮಗನಿಗೆ ಫೋನು ಮಾಡಿ, ಈ ಪಂದ್ಯದ ಬಗ್ಗೆ ಏನೇನು ಸಿಗುತ್ತದೋ ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಕಳಿಸು ಎಂದೆವು. ಅವನು ನಕ್ಕ. ಆದರೆ ಕಳಿಸಿದ.

ಪಂದ್ಯದ ಹೆಸರು ಇಡಿಟರಾಡ್. ಹಾಳುಬಿದ್ದ ಒಂದು ಬಂಗಾರದ ಗಣಿಯ ಊರಿನ ಹೆಸರದು. 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳು ಅಲಾಸ್ಕಾಕ್ಕೆ ಬಂದು ಹಳ್ಳಿಹಳ್ಳಿಗಳಲ್ಲಿ ನಾಯಿಗಳ ಬಳಗ ಕರಗತೊಡಗಿತು. ನಮ್ಮಲ್ಲಿ ಟ್ರ್ಯಾಕ್ಟರು ಬಂದು ದನದ ಕೊಟ್ಟಿಗೆಗಳು ಖಾಲಿಯಾದವಲ್ಲ, ಹಾಗೆ. ಜೋ ರೆಡಿಂಗ್ಟನ್ ಎಂಬುವರಿಗೆ ಇದು ಸಂಕಟವಾಗಿ, 1967ರಲ್ಲಿ ಡೊರೊತಿ ಪೇಜ್ ಎಂಬ ಮಹಿಳೆಯ ಜೊತೆಗೂಡಿ ಹಳೆಯ ದಾರಿಯಲ್ಲಿ ಒಂದು ಚಿಕ್ಕ ಪಂದ್ಯ ನಡೆಸಿದರು. ಸೆಪ್ಪಾಲರು ತೀರಿಕೊಂಡದ್ದೂ ಅದೇ ವರ್ಷ. ಪೂರ್ಣ ಪಂದ್ಯ, ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು 1,000 ಮೈಲು, 1973ರಲ್ಲಿ ಶುರುವಾಯಿತು. ನಾಯಿಗಾಡಿಯಲ್ಲಿ ಅಷ್ಟು ದೂರ ಮುಟ್ಟುವುದೇ ಸಾಧ್ಯವಿಲ್ಲ ಎಂದವರೇ ಬಹಳ. 34 ಜನ ಹೊರಟರು, 22 ಜನ ಮುಟ್ಟಿದರು. ಗೆದ್ದ ಡಿಕ್ ವಿಲ್ಮಾರ್ತ್‌ಗೆ 20 ದಿನ ಹಿಡಿದವು, ಕೊನೆಯವರಿಗೆ 32 ದಿನ. 2017ರಲ್ಲಿ, ಆ ವರ್ಷ ಫೇರ್‌ಬ್ಯಾಂಕ್ಸ್‌ನಿಂದ ಹೊರಟ ಪಂದ್ಯವನ್ನು, ಮಿಚ್ ಸೀವಿ ಎಂಬುವರು 8 ದಿನ 3 ಗಂಟೆ 40 ನಿಮಿಷದಲ್ಲಿ ಮುಗಿಸಿದರು.

ನಮಗೆ ಅತ್ಯಂತ ಆಶ್ಚರ್ಯವಾದದ್ದು, ಈ ಗಾಡಿಗೆ ಲಗಾಮು ಇಲ್ಲ. ಮೂಗುದಾಣವಿಲ್ಲ, ಹಗ್ಗವಿಲ್ಲ. ಚಾಲಕ ಹಿಂದೆ ನಿಂತು ಬಾಯಿಮಾತಿನಲ್ಲಿ 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ. ಮುಂದಾಳು ನಾಯಿ ಕೇಳಿದರೆ ಕೇಳಿತು, ಇಲ್ಲವಾದರೆ ಇಲ್ಲ. ತೆಳ್ಳಗಿನ ಹಿಮದ ಕೆಳಗೆ ನೀರಿದ್ದರೆ ಒಳ್ಳೆಯ ಮುಂದಾಳು ನಾಯಿ ಯಜಮಾನನ ಮಾತನ್ನೂ ಮೀರಿ ನಿಂತುಬಿಡುತ್ತದಂತೆ. ಹೊಡೆದು ಓಡಿಸಿದ ಪ್ರಾಣಿ ಸಾವಿರ ಮೈಲು ಹೋಗಲಾರದು ಎಂಬುದು ಇದರಿಂದಲೇ ತಿಳಿಯುತ್ತದೆ. ಎತ್ತು ಮಲಗಿಬಿಟ್ಟರೆ ಬಾರುಕೋಲಿನಿಂದ ಏನಾದೀತು?

ಪಂದ್ಯದ ನಡುವೆ ಒಂದು ಕಡೆ 24 ಗಂಟೆ, ಬೇರೆ ಎರಡು ಕಡೆ 8 ಗಂಟೆ ಕಡ್ಡಾಯವಾಗಿ ನಿಲ್ಲಬೇಕು. ನಮ್ಮ ಭಾಗದ ಒಕ್ಕಲಿಗರು ಸೋಮವಾರ ಎತ್ತು ಹೂಡದ ನೇಮ ನೆನಪಾಯಿತು. ತಂಗುದಾಣಗಳಲ್ಲಿ ಪಶುವೈದ್ಯರು ನಾಯಿಗಳನ್ನು ಪರೀಕ್ಷಿಸುತ್ತಾರೆ, ದಣಿದ ನಾಯಿಯನ್ನು ಅಲ್ಲಿಯೇ ಇಳಿಸಬೇಕು. ಬದಲಿ ನಾಯಿ ಸೇರಿಸುವಂತಿಲ್ಲ. ಪಾದಕ್ಕೆ ಬಟ್ಟೆಯ ಚೀಲದಂತಹ ಜೋಡು ಹಾಕುತ್ತಾರೆ. ಬಹುಕಾಲ ತಂಡಕ್ಕೆ 16 ನಾಯಿಗಳ ಮಿತಿ ಇತ್ತು, ಹದಿನಾರು ನಾಲ್ಕಲೆ ಅರವತ್ತನಾಲ್ಕು, ಹರಿದಂತೆ ಬದಲಿಸುತ್ತ ಹೋದರೆ ಒಂದು ತಂಡಕ್ಕೇ ಸಾವಿರಕ್ಕೂ ಮೇಲಾಗುತ್ತದೆ. ಈ ಲೆಕ್ಕವನ್ನು ನಾವು ಕೂಡಿಸಿದ್ದನ್ನು ನೋಡಿ ಮೊಮ್ಮಗ, "ಅಜ್ಜಾ, ಅಲ್ಲೇನ ಅಂಗಡಿ ಇಡ್ತೀರೇನು?" ಎಂದ.

ಇಷ್ಟೆಲ್ಲ ಕಟ್ಟುಪಾಡು ಇದ್ದರೂ ನಾಯಿಗಳು ಸಾಯುತ್ತವೆ. 2009ರಲ್ಲಿ ಆರು, 2024ರಲ್ಲಿ ಮೂರು. ಪ್ರಾಣಿದಯೆಯ ಸಂಸ್ಥೆಗಳು ಆಕ್ಷೇಪಿಸಿ, ದೊಡ್ಡ ದೊಡ್ಡ ಕಂಪನಿಗಳು ಹಣ ಕೊಡುವುದನ್ನು ನಿಲ್ಲಿಸಿವೆ. ಓಡುವುದೇ ಆ ನಾಯಿಗಳ ಆನಂದ ಎಂದು ಚಾಲಕರು ಹೇಳುವುದು ಸುಳ್ಳೆಂದು ನಮಗೆ ತೋರುವುದಿಲ್ಲ. ಟೋಗೋ ಗಾಜು ಒಡೆದುಕೊಂಡು ಬಂದದ್ದು ಹೊರೆ ಎಳೆಯಲಿಕ್ಕೇ ಅಲ್ಲವೇ? ಆದರೆ ಆನಂದಕ್ಕೆ ಓಡುವ ಜೀವವನ್ನು ಬಹುಮಾನಕ್ಕಾಗಿ ಎಷ್ಟು ದೂರ ಓಡಿಸಬಹುದು ಎಂಬಲ್ಲಿ ನಮ್ಮ ಮನಸ್ಸು ಅವರ ಪಂದ್ಯದ ಕಡೆ ಇಲ್ಲ. ಇದನ್ನು ಮನೆಯವರಿಗೆ ಹೇಳಿದಾಗ ಅವರು ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಅತಿಭಾರಾರೋಪಣ ಅಂದ್ರ ದನಕ್ಕ ಅಷ್ಟ ಅಂತ ಎಲ್ಲಿ ಬರದದ?" ಎಂದರು. ಯಾರನ್ನು ಕುರಿತು ಹೇಳಿದರೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಕಿರಿಯ ಮಗ ಕಳಿಸಿದ ಕಾಗದಗಳಲ್ಲಿ ಸೂಸನ್ ಬುಚರ್ ಎಂಬ ಹೆಣ್ಣುಮಗಳ ವೃತ್ತಾಂತವಿತ್ತು. ಅಮೇರಿಕದ ಬಾಸ್ಟನ್ ಪಟ್ಟಣದ ಪಕ್ಕದಲ್ಲಿ 1954ರಲ್ಲಿ ಹುಟ್ಟಿದವರು. ಅಕ್ಷರಗಳು ಕಣ್ಣಮುಂದೆ ಅದಲುಬದಲಾಗುವ ತೊಂದರೆಯಿಂದ ಓದು ಕಷ್ಟ. ಒಂದನೆಯ ತರಗತಿಯಲ್ಲೇ ತನಗೆ ಪಟ್ಟಣವೆಂದರೆ ಆಗದು ಎಂದು ಶಾಲೆಯಲ್ಲಿ ಬರೆದು ಕೊಟ್ಟ ಹುಡುಗಿ. ಅವರಿಗೆ ಸಂತೋಷ ಸಿಗುತ್ತಿದ್ದದ್ದು ಪ್ರಾಣಿಗಳ ನಡುವೆ. ಇಪ್ಪತ್ತರ ವಯಸ್ಸಿನಲ್ಲಿ ಅಲಾಸ್ಕಾಕ್ಕೆ ಹೋಗಿ, ಕಾಡಿನ ಗುಡಿಸಲಲ್ಲಿ ನಾಯಿಗಳೊಡನೆ ಒಬ್ಬರೇ ಚಳಿಗಾಲಗಳನ್ನು ಕಳೆದರು. ನಮ್ಮಲ್ಲಾಗಿದ್ದರೆ ಹುಡುಗಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದೆವು.

ಈಕೆ ಮರಿಗಳನ್ನು ಹುಟ್ಟಿದ ದಿನದಿಂದ ತಮ್ಮ ಕೈಯಲ್ಲೇ ಬೆಳೆಸಿದರು. ಎತ್ತಿಕೊಳ್ಳುವುದು, ಮಾತಾಡಿಸುವುದು, ಸ್ವಲ್ಪ ಬೆಳೆದ ಮೇಲೆ ಕಾಡಿನಲ್ಲಿ ಸಂಗಡ ಬಿಟ್ಟು ಓಡಾಡಿಸುವುದು. ಹೊರೆ ಆಮೇಲೆ. ಮೊದಲು ಆಟ, ನಂಬಿಕೆ. ಗ್ರಾನೈಟ್ ಎಂಬ ಮರಿ ಬಡಕಲು, ಅಂಜುಬುರುಕ, ಮುಂದಾಳಾಗುವ ಲಕ್ಷಣವಿಲ್ಲ ಎಂದು ನೋಡಿದವರು ಹೇಳಿದರೂ ಈಕೆ ಕೈಬಿಡಲಿಲ್ಲ. 1985ರಲ್ಲಿ ಎಲ್ಲರಿಗಿಂತ ಮುಂದೆ ಇದ್ದಾಗ, ಮೂಸ್ ಎಂಬ ದೊಡ್ಡ ಕಾಡು ಸಾರಂಗ ದಾರಿಗೆ ಅಡ್ಡ ಬಂದು ತಂಡದ ಮೇಲೆ ಬಿದ್ದು ಎರಡು ನಾಯಿಗಳನ್ನು ತುಳಿದು ಕೊಂದಿತು, ಅನೇಕಕ್ಕೆ ಗಾಯ. ಈಕೆ ಪಂದ್ಯ ಬಿಟ್ಟು ನಾಯಿಗಳ ಆರೈಕೆಗೆ ನಿಂತರು. ಆ ವರ್ಷ ಲಿಬ್ಬಿ ರಿಡಲ್ಸ್ ಎಂಬ ಇನ್ನೊಬ್ಬಾಕೆ, ಬೇರೆಯವರು ಹೊರಡಲು ಅಂಜಿದ ಬಿರುಗಾಳಿಯೊಳಗೆ ಹೊರಟು, ಪಂದ್ಯ ಗೆದ್ದ ಮೊದಲ ಮಹಿಳೆಯಾದರು. ಮರುವರ್ಷದಿಂದ ಸೂಸನ್ ಅವರ ಸರದಿ: 1986, 1987, 1988, ಮತ್ತೆ 1990. ಮೊದಲ ಮೂರು ಗೆಲುವುಗಳಲ್ಲಿ ಮುಂದಾಳು ಅದೇ ಗ್ರಾನೈಟ್. ಈ ಪುಣ್ಯವಂತೆ 2006ರಲ್ಲಿ ರಕ್ತದ ಕ್ಯಾನ್ಸರಿನಿಂದ 51ನೇ ವಯಸ್ಸಿಗೇ ಹೋದರು.

ಇದನ್ನು ಓದಿ ನಾವು ಕಿರಿಯ ಮಗನಿಗೆ, ಸಣ್ಣವರಿದ್ದಾಗ ಖುಷಿಯಾಗಿ ಬೆಳೆದದ್ದು ದೊಡ್ಡವರಾದ ಮೇಲೆ ಕೈ ಹಿಡಿಯುತ್ತದೆ ಎನ್ನುವುದು ನಾಯಿಗಷ್ಟೇನೋ ಮನುಷ್ಯರಿಗೂ ನಿಜವೋ ಎಂದು ಕೇಳಿದೆವು. ಅವನು ಇದಕ್ಕೂ ಕಾಗದ ಕಳಿಸಿದ. 2012ರಲ್ಲಿ ಡಿ ನೀವ್ ಮತ್ತು ಓಸ್ವಾಲ್ಡ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಅಧ್ಯಯನ. ಅಮೇರಿಕದ ಹತ್ತು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು 16, 18, 22ನೇ ವಯಸ್ಸುಗಳಲ್ಲಿ 'ಎಷ್ಟು ಸಂತೋಷವಾಗಿದ್ದೀರಿ' ಎಂದು ಕೇಳಿಟ್ಟುಕೊಂಡು, 29ಕ್ಕೆ ಅವರ ಗಳಿಕೆ ಎಷ್ಟೆಂದು ನೋಡಿದ ಲೆಕ್ಕವಿದು. ಸಂತೋಷವಾಗಿದ್ದವರೇ ಮುಂದೆ ಹೆಚ್ಚು ಗಳಿಸಿದರಂತೆ. 22ರಲ್ಲಿ ಐದು ಅಂಕಗಳ ಪಟ್ಟಿಯಲ್ಲಿ ಒಂದು ಅಂಕ ಮೇಲಿದ್ದವರಿಗೆ 29ರಲ್ಲಿ ವರ್ಷಕ್ಕೆ ಸುಮಾರು 2,000 ಡಾಲರು ಹೆಚ್ಚು. ಅಂಥವರು ಪದವಿ ಮುಗಿಸುವುದು ಹೆಚ್ಚು, ಕೆಲಸ ಸಿಗುವುದು ಬೇಗ, ಬಡ್ತಿಯೂ ಹಾಗೆಯೇ.

ವ್ಯಾಪಾರಿಗೆ ಸಂಶಯ ಹುಟ್ಟುಗುಣ. ಹಣವಂತರ ಮಕ್ಕಳು ಸಂತೋಷವಾಗಿರುತ್ತಾರೆ, ಅವರೇ ಮುಂದೆ ಹಣ ಮಾಡುತ್ತಾರೆ, ಇದರಲ್ಲಿ ಸಂತೋಷದ ಪಾಲು ಎಷ್ಟು ಎಂದುಕೊಂಡೆವು. ಆದರೆ ಆ ಇಬ್ಬರು ಒಂದೇ ತಾಯಿತಂದೆಯ ಮಕ್ಕಳನ್ನೇ ಪರಸ್ಪರ ಹೋಲಿಸಿ ನೋಡಿದ್ದಾರೆ. ಅದೇ ಮನೆ, ಅದೇ ಊಟ. ಅಲ್ಲಿಯೂ ನಗುತ್ತ ಬೆಳೆದವನ ತಕ್ಕಡಿಯೇ ಕೆಳಗೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾವು ಬಹಳ ಹೊತ್ತು ಕುಳಿತಿದ್ದೆವು. ನಮಗೂ ಇಬ್ಬರು ಗಂಡುಮಕ್ಕಳು.

ಎಲ್ಲ ಲೆಕ್ಕಗಳಿಗೂ ಅಪವಾದ ಉಂಟು, ಅದನ್ನೂ ಬರೆಯದಿದ್ದರೆ ವಹಿ ಖೋಟಾ ಆಗುತ್ತದೆ. 1978ರ ಪಂದ್ಯದಲ್ಲಿ ಡಿಕ್ ಮ್ಯಾಕಿ ಎಂಬಾತ ರಿಕ್ ಸ್ವೆನ್ಸನ್‌ರನ್ನು ಒಂದೇ ಒಂದು ಸೆಕೆಂಡಿನಿಂದ ಸೋಲಿಸಿದರು. ಹದಿನಾಲ್ಕು ದಿನ ಓಡಿ ಒಂದು ಸೆಕೆಂಡು! ಮುಂದಾಳು ನಾಯಿಯ ಮೂಗು ಗೆರೆ ದಾಟಿದ್ದನ್ನು ಹಿಡಿದು ತೀರ್ಪು ಕೊಟ್ಟರು. ಆಗ ಅವರ ಮಗ ಲಾನ್ಸ್ ಏಳು ವರ್ಷದವನು. ಮುಂದೆ ತಾಯಿತಂದೆ ಬೇರೆಯಾಗಿ, ಹುಡುಗ ಹದಿಹರೆಯದಲ್ಲಿ ವ್ಯಸನಗಳಿಗೆ ಬಿದ್ದ. ಅದನ್ನು ಆತನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. 2001ರಲ್ಲಿ ಗಂಟಲಿನ ಕ್ಯಾನ್ಸರು. ಅದೇ ಮನುಷ್ಯ 2007ರಿಂದ 2010ರವರೆಗೆ ಸಾಲಾಗಿ ನಾಲ್ಕು ಸಲ ಇಡಿಟರಾಡ್ ಗೆದ್ದ. ಹಿಂದೆ ಯಾರೂ ಮಾಡಿರಲಿಲ್ಲ. 2022ರಲ್ಲಿ, 52ನೇ ವಯಸ್ಸಿನಲ್ಲಿ ತೀರಿಕೊಂಡ. ಸುಖವಿಲ್ಲದ ಯೌವನದಿಂದಲೂ ಗೆಲುವು ಹುಟ್ಟುತ್ತದೆ ಎಂಬುದಕ್ಕೆ ಇವನಿಗಿಂತ ದೊಡ್ಡ ಸಾಕ್ಷಿ ಬೇಡ. ಇದನ್ನೇ ಹಿಡಿದುಕೊಂಡು ನಾವು ಒಂದೆರಡು ದಿನ ಸಮಾಧಾನ ಪಟ್ಟುಕೊಂಡದ್ದುಂಟು. ಬಹಳ ದಿನ ನಿಲ್ಲಲಿಲ್ಲ.

ಈಗ ಮೋತಿಯ ವಿಷಯ.

1994ರಲ್ಲಿ ನಮ್ಮ ಹಿರಿಯ ಮಗನಿಗೆ ಹತ್ತು ವರ್ಷ. ಆ ಹೊತ್ತಿಗೆ ನಮ್ಮ ತಂದೆಯವರು ಹೋಗಿ ಎರಡು ವರ್ಷವಾಗಿತ್ತು, ತೊಗರಿಯ ವ್ಯವಹಾರದಲ್ಲಿ ನಷ್ಟವಾಗಿ ಅಂಗಡಿಯ ಮೇಲೆ ಸಾಲವಿತ್ತು. ಗುಮಾಸ್ತನನ್ನು ಬಿಡಿಸಿ, ಮಗನನ್ನು ಶಾಲೆಯಿಂದ ಬಂದ ಕೂಡಲೇ ಗಲ್ಲೆಯ ಹತ್ತಿರ ಕೂರಿಸುತ್ತಿದ್ದೆವು. ಚೀಟಿ ಬರೆಯುವುದು, ಸಣ್ಣ ತೂಕ. ಹತ್ತು ವರ್ಷದ ಹುಡುಗ ನಮಗಿಂತ ಚೊಕ್ಕವಾಗಿ ಕೂಡಿಸುತ್ತಿದ್ದ. ಬಂದ ಗಿರಾಕಿಗಳೆಲ್ಲ "ಮಗಾ ಶಾಣ್ಯಾ ಅದಾನ್ರಿ ಸಾವಕಾರ" ಎನ್ನುವಾಗ ನಮ್ಮ ಎದೆ ಉಬ್ಬುತ್ತಿತ್ತು.

ಆ ಮಳೆಗಾಲದಲ್ಲಿ ಅವನು ಕಟ್ಟೆಯ ಕೆಳಗಿಂದ ಒಂದು ನಾಯಿಮರಿಯನ್ನು ಎತ್ತಿಕೊಂಡು ಬಂದ. ಬೂದಿ ಬಣ್ಣ, ಒಂದು ಕಿವಿ ಮಡಚಿದ್ದು. ಮೋತಿ ಎಂದು ಹೆಸರಿಟ್ಟ. ಗೋಣಿಚೀಲದ ಹಾಸಿಗೆ, ತನ್ನ ಪಾಲಿನ ಹಾಲು. ಹುಡುಗ ನಗುತ್ತಿದ್ದನೆಂಬುದು ಈಗ ನೆನಪಿಗೆ ಬರುತ್ತದೆ, ಆಗ ನಮ್ಮ ಲಕ್ಷ್ಯ ಅಲ್ಲಿರಲಿಲ್ಲ. ಒಂದು ಸಂಜೆ ಅವನು ಮರಿಯ ಧ್ಯಾನದಲ್ಲಿ ಎರಡು ಉದ್ರಿಗಳನ್ನು ಬರೆಯುವುದು ಮರೆತ. ಕೂಡಿ ನೂರೈವತ್ತು ರೂಪಾಯಿ ಇರಬೇಕು. ಆ ವಾರವೇ ಕಲಬುರ್ಗಿಯ ದಾಲ್ ಮಿಲ್ಲಿಗೆ ತೊಗರಿ ಲಾರಿ ಹೊರಟಿತ್ತು. ಹುಡುಗ ಶಾಲೆಯಲ್ಲಿದ್ದಾಗ ಮರಿಯನ್ನು ಡ್ರೈವರನ ಕೈಗೆ ಕೊಟ್ಟು, "ಅಲ್ಲೇ ಬಿಟ್ಟು ಬಾ" ಎಂದೆವು. ಮನೆಯಲ್ಲಿ, ಹಿಂಸಕ ಪ್ರಾಣಿಯನ್ನು ಶ್ರಾವಕರು ಸಾಕಬಾರದು, ಹಿರಿಯರು ಹೇಳಿದ್ದಾರೆ ಎಂದೆವು. ಹಿರಿಯರು ಹಾಗೆ ಹೇಳಿರುವುದು ನಿಜವೇ. ಆದರೆ ನಾವು ಕಳಿಸಿದ್ದು ಅದಕ್ಕಲ್ಲ, ನೂರೈವತ್ತು ರೂಪಾಯಿಗೆ. ಧರ್ಮದ ಮಾತನ್ನು ಲೆಕ್ಕದ ಸಿಟ್ಟಿಗೆ ಮುಚ್ಚಳ ಮಾಡಿದೆವು.

ಹುಡುಗ ಅಳಲಿಲ್ಲ. ಅದರಿಂದ ವಿಷಯ ಮುಗಿಯಿತೆಂದು ತಿಳಿದೆವು. ಮತ್ತೆಂದೂ ಉದ್ರಿ ಬರೆಯುವುದನ್ನು ಮರೆಯಲಿಲ್ಲ. ಮೂವತ್ತು ವರ್ಷಗಳಿಂದ ಮರೆತಿಲ್ಲ.

ಕಿರಿಯವನು ಏಳು ವರ್ಷ ಚಿಕ್ಕವನು. ಅವನು ಬೆಳೆಯುವ ಹೊತ್ತಿಗೆ ಸಾಲ ತೀರಿತ್ತು, ಅಂಗಡಿಗೆ ಆಳು ಬಂದಿದ್ದ. ಕೆರೆ, ಕ್ರಿಕೆಟು, ಗೆಳೆಯರು. ಬೈದರೂ ನಗುತ್ತಿದ್ದ. ಈಗ ಪುಣೆಯ ಕಂಪ್ಯೂಟರ್ ಕಂಪನಿಯಲ್ಲಿ ಅಣ್ಣನ ಎರಡರಷ್ಟು ಗಳಿಸುತ್ತಾನೆ. ಅಣ್ಣನಿಗೆ ಬುದ್ಧಿ ಕಡಿಮೆಯೇ? ಅಲ್ಲ. ಅವನು ನಮ್ಮ ಅಂಗಡಿಯನ್ನು ಉಳಿಸಿದವನು, ಒಂದು ಪೈಸೆ ಯಾರದೂ ಬಾಕಿ ಇಟ್ಟುಕೊಂಡವನಲ್ಲ. ಆದರೆ ಹೊಸದೊಂದು ಮಾಲು ತರಿಸೋಣವೆಂದರೆ ಅಂಜುತ್ತಾನೆ. ಎರಡನೆಯ ಅಂಗಡಿಯ ಮಾತು ಮೂರು ಸಲ ಬಂದು ಮೂರು ಸಲ ಹೋಯಿತು. ಸೋತರೇನು ಎಂಬ ಧೈರ್ಯ ಅವನಿಗೆ ಯಾರು ಕೊಡಬೇಕಿತ್ತೋ ಅವರೇ ಕೊಡಲಿಲ್ಲ.

ಕಾಗದಗಳನ್ನೆಲ್ಲ ಓದಿ ಮುಗಿದ ಮೇಲೆ, ಮೇ ತಿಂಗಳ ಕೊನೆಯಲ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ ನಾವು ಅವನ ಪಕ್ಕದಲ್ಲಿ ಕುಳಿತೆವು. ಲಾತೂರಿನ ಫಾರ್ಮು ಗಾದಿಯ ಮೇಲೆಯೇ ಇತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದೆವು: ಅಮೇರಿಕದ ಲೆಕ್ಕ, ಸೂಸನ್ ಬುಚರ್, ಗ್ರಾನೈಟ್ ಮರಿ. ಬಾಯಿಂದ ಬಂದದ್ದು ಮಾತ್ರ, "ನಿನ್ನ ಮೋತಿನ್ನ ನಾ ಕಳಸಬಾರದಿತ್ತಪಾ."

ಅವನು ರಸೀದಿ ಪುಸ್ತಕವನ್ನು ಮುಚ್ಚಿ ರಬ್ಬರು ಹಾಕಿದ. ಬಹಳ ಹೊತ್ತು ಸುಮ್ಮನಿದ್ದು, "ಎಲ್ಲಿ ಇಳಸ್ಯಾರಂತ ನಿಮಗ ಗೊತ್ತದ ಏನ್ರಿ ಅಪ್ಪಾ?" ಎಂದು ಕೇಳಿದ.

"ಮಿಲ್ಲಿನ ಗೇಟಿನ ಹತ್ತರ ಅಂತ ಡ್ರೈವರ ಹೇಳಿದ್ದ."

"ನನಗೂ ಆವಾ ಅದನ್ನ ಹೇಳಿದ್ದ" ಎಂದ. ಆಮೇಲೆ ಮಗ ಹೇಳಿದ್ದು ಇಷ್ಟು. ಹದಿನೆಂಟು ವರ್ಷದವನಾಗಿ ಅಂಗಡಿಯ ಕೆಲಸಕ್ಕೆ ಮೊದಲ ಸಲ ಒಬ್ಬನೇ ಕಲಬುರ್ಗಿಗೆ ಹೋದಾಗ ಆ ಗೇಟಿನ ಬಳಿ ಅರ್ಧ ತಾಸು ನಿಂತಿದ್ದನಂತೆ. ನಾಯಿಗೆ ಅಷ್ಟು ಆಯುಷ್ಯವಿರುವುದಿಲ್ಲವೆಂದು ಗೊತ್ತಿತ್ತು. ಆದರೂ ಬೂದಿ ಬಣ್ಣದ, ಒಂದು ಕಿವಿ ಮಡಚಿದ ಮರಿಗಳು ಏನಾದರೂ ಆ ಬೀದಿಯಲ್ಲಿವೆಯೋ ಎಂದು ನೋಡಿದನಂತೆ. ಈಗಲೂ ತಿಂಗಳಿಗೊಮ್ಮೆ ಹೋದಾಗ ನೋಡುತ್ತಾನಂತೆ.

ನಾವು ಏನು ಉತ್ತರ ಕೊಡುವುದು? ಪರ್ಯೂಷಣದ ಕೊನೆಗೆ ಕ್ಷಮಾವಾಣಿಯ ದಿನ ಪ್ರತಿ ವರ್ಷ ಊರಿನವರ, ಬೀಗರ, ಬಾಕಿದಾರರ, ಎಲ್ಲರ ಕ್ಷಮೆ ಕೇಳಿದ್ದೇವೆ. ಕಾಗದ ಅಚ್ಚು ಹಾಕಿಸಿ ಕಳಿಸಿದ್ದೇವೆ. ಗಲ್ಲೆಯಲ್ಲಿ ಮೂರು ಅಡಿ ದೂರ ಕುಳಿತ ಮಗನಿಗೆ ಆ ಕಾಗದ ಕೊಟ್ಟಿರಲಿಲ್ಲ. ಅಂದು ಕೇಳಿದೆವು. ಅವನು "ಇರ್ಲಿ ಬಿಡ್ರಿ ಅಪ್ಪಾ, ಆವಾಗ ಸಾಲ ಇತ್ತಲ್ಲ" ಎಂದು ನಮಗೇ ಸಮಾಧಾನ ಹೇಳಿ ದೀಪ ಆರಿಸಲು ಎದ್ದ.

ಲಾತೂರಿನ ಮಾತನ್ನು ಅಂದು ನಾವು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಜೂನ್ ಬಂದು ಶಾಲೆ ಶುರುವಾದಾಗ ಹುಡುಗ ಇಲ್ಲಿಯೇ ಹತ್ತನೆಯ ಇಯತ್ತೆಗೆ ಹೋಗತೊಡಗಿದ. ಹನ್ನೊಂದಕ್ಕೆ ನೋಡೋಣ ಎಂದು ಅವನ ತಂದೆ ಮನೆಯಲ್ಲಿ ಹೇಳಿದನಂತೆ. ಅಂಕಗಳು ಏನಾಗುತ್ತವೋ ಮುಂದಿನ ಮಾತು. ಜೋ ರೆಡಿಂಗ್ಟನ್‌ರು 71ನೇ ವಯಸ್ಸಿನಲ್ಲಿ, 1988ರಲ್ಲಿ, ಐದನೆಯವರಾಗಿ ನೋಮ್ ಮುಟ್ಟಿದರು, 80ರಲ್ಲಿ, 1997ರಲ್ಲಿ, ಕೊನೆಯ ಪಂದ್ಯ ಓಡಿದರು ಎಂದು ಮೊಮ್ಮಗ ನಮಗೆ ಆಗಾಗ ನೆನಪಿಸುತ್ತಾನೆ, ಮುಂಜಾನೆ ವಾಯುವಿಹಾರಕ್ಕೆ ನಾವು ಬೇಸರ ಮಾಡಿದರೆ. ಕೊನೆಯ ಚಾಲಕ ಮುಟ್ಟುವವರೆಗೆ ನೋಮ್‌ನಲ್ಲಿ ಒಂದು ದೀಪ ಉರಿಯುತ್ತಲೇ ಇರುತ್ತದೆ, ಕೊನೆಗೆ ಬಂದವನಿಗೂ ಕೆಂಪು ಲಾಂದ್ರ ಎಂಬ ಬಹುಮಾನವುಂಟು ಎಂಬುದನ್ನೂ ಅವನೇ ಹೇಳಿದ.

ಕಳೆದ ತಿಂಗಳು ಅಂಗಡಿಯ ಕಟ್ಟೆಯ ಕೆಳಗೆ ನಾಯಿ ಮೂರು ಮರಿ ಹಾಕಿದೆ. ಹುಡುಗ ಬೆಳಿಗ್ಗೆ ರೊಟ್ಟಿ ಹಾಲಿನಲ್ಲಿ ನೆನೆಸಿ ಇಡುತ್ತಾನೆ. ಮೊನ್ನೆ ನಾವು ಗಾದಿಯ ಮೇಲೆ ಕುಳಿತಿದ್ದಾಗ ಹಿರಿಯ ಮಗ ಗೋ ದಾಮಿನ ಕೀಲಿ ತಿರುವುತ್ತ ಕಟ್ಟೆ ಇಳಿದು, ಒಂದು ಕ್ಷಣ ನಿಂತು, ಮಗನಿಗೆ ಹೇಳಿದ್ದು ಕೇಳಿಸಿತು: "ನೀರೂ ಇಡೋ. ಮತ್ತ ಆ ಗೋಣಿಚೀಲಾ ಹಸಿ ಅದ, ಒಳಗ ಒಣಗಿದ್ದದ, ಅದನ್ನ ಹಾಸು."